ಬ್ರೈಲ್ ಲಿಪಿಯನ್ನು ಬೇಡ ಎಂದವರು ಯಾರು?

ಲೂಯಿ ಬ್ರೈಲ್ ಹೆಸರು ಕೇಳದವರು ಕಡಿಮೆ. ಜನವರಿ 4 ಬಂತೆಂದರೆ ಅವನ ಹುಟ್ಟುಹಬ್ಬದ ಹೆಸರಿನಲ್ಲಿ ನಮ್ಮಂಥವರಿಗೆ ಹಣ್ಣು, ಬಿಸ್ಕತ್ತು ಹಂಚುತ್ತಾರೆ, ಭಾಷಣ ಮಾಡುತ್ತಾರೆ. ಆದರೆ ಅವನ ಲಿಪಿಯನ್ನು ಮೊದಲು ತಡೆದವರು ಯಾರು ಎಂಬ ವಿಷಯ ಆ ಭಾಷಣಗಳಲ್ಲಿ ಬರುವುದೇ ಇಲ್ಲ. ಹುಟ್ಟಿನಿಂದ ದೃಷ್ಟಿ ಇಲ್ಲದ, ಈಗ ಪದವಿ ಓದುತ್ತಿರುವ ನನಗೆ ಅವನ ಬದುಕಿನಲ್ಲಿ ಮುಖ್ಯ ಎನಿಸುವುದೇ ಆ ಭಾಗ.

ಲೂಯಿ ಹುಟ್ಟಿದ್ದು 1809ರಲ್ಲಿ, ಪ್ಯಾರಿಸ್ ಸಮೀಪದ ಕೂವ್ರೆ ಎಂಬ ಹಳ್ಳಿಯಲ್ಲಿ. ಅಪ್ಪ ಕುದುರೆಯ ಜೀನು ಹೊಲಿಯುತ್ತಿದ್ದರು. ಮೂರು ವರ್ಷದವನಿದ್ದಾಗ ಅಪ್ಪನ ಹತ್ಯಾರದೊಂದಿಗೆ ಆಡುತ್ತಾ ಕಣ್ಣಿಗೆ ಚುಚ್ಚಿಕೊಂಡ. ಸೋಂಕು ಇನ್ನೊಂದು ಕಣ್ಣಿಗೂ ಹರಡಿತು. ಐದು ವರ್ಷ ತುಂಬುವಷ್ಟರಲ್ಲಿ ಎರಡೂ ಕಣ್ಣು ಹೋಗಿದ್ದವು. ಕುರುಡು ಮಗು ಅಂದರೆ ಭಿಕ್ಷೆಗೇ ಸೈ ಎಂದು ಜನ ನಂಬಿದ್ದ ಕಾಲವದು. ಅಪ್ಪ ಅಮ್ಮ ಮಾತ್ರ ಮಗನನ್ನು ಊರ ಶಾಲೆಗೇ ಕಳಿಸಿದರು. ಅವನು ಕೇಳಿ ಕೇಳಿಯೇ ಪಾಠ ಕಲಿತ. 1819ರಲ್ಲಿ, ಹತ್ತನೇ ವಯಸ್ಸಿಗೆ, ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಗೆ ಸೇರಿದ.

ಅಲ್ಲಿ ಪುಸ್ತಕಗಳಿದ್ದವು. ಆದರೆ ಕಣ್ಣಿದ್ದವರು ಓದುವ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಅಚ್ಚು ಮಾಡಿದ್ದರು. ಒಂದೊಂದು ಅಕ್ಷರವನ್ನೂ ಬೆರಳಿನಿಂದ ಸುತ್ತು ಹಾಕಿ ಗುರುತಿಸಬೇಕಿತ್ತು. ಬರೆಯಲು ದಾರಿಯೇ ಇರಲಿಲ್ಲ. ಸೈನ್ಯದಲ್ಲಿದ್ದ ಬಾರ್ಬಿಯೇ ಎಂಬಾತ 12 ಚುಕ್ಕಿಗಳ ಒಂದು ಬರಹವನ್ನು ಶಾಲೆಗೆ ಪರಿಚಯಿಸಿದ. ಅದು ಉಚ್ಚಾರಣೆಯನ್ನಷ್ಟೇ ತೋರಿಸುತ್ತಿತ್ತು. ಕಾಗುಣಿತ, ವಿರಾಮಚಿಹ್ನೆ ಇರಲಿಲ್ಲ. ಲೂಯಿಗೆ ಅಷ್ಟು ಸಾಲಲಿಲ್ಲ. ಕಣ್ಣಿದ್ದವರಂತೆ ತಾನೂ ಪೂರ್ತಿ ಬರೆಯಬೇಕು ಎಂದು ಹಟ ಹಿಡಿದು, 1824ರ ಹೊತ್ತಿಗೆ, ತನ್ನ 15ನೇ ವಯಸ್ಸಿನಲ್ಲಿ, ಆರೇ ಚುಕ್ಕಿಗಳ ಲಿಪಿ ರೂಪಿಸಿದ. ಒಂದು ಅಕ್ಷರ ಬೆರಳ ತುದಿಯಡಿ ಒಂದೇ ಸಲಕ್ಕೆ ಸಿಗುವಂತಾಯಿತು. 1829ರಲ್ಲಿ ಅದರ ಪುಸ್ತಕ ಬಂತು. ಅವನು ಅದೇ ಶಾಲೆಯಲ್ಲಿ ಮೇಷ್ಟ್ರಾದ, ಚರ್ಚಿನಲ್ಲಿ ಆರ್ಗನ್ ನುಡಿಸಿದ, ಸಂಗೀತಕ್ಕೂ ಚುಕ್ಕಿಗಳನ್ನು ಹೊಂದಿಸಿದ.

1840ರಲ್ಲಿ ಬಂದ ಹೊಸ ನಿರ್ದೇಶಕ ದ್ಯುಫೋ ಈ ಲಿಪಿಯನ್ನು ಶಾಲೆಯಲ್ಲಿ ನಿಷೇಧಿಸಿದರು. ಕಣ್ಣಿದ್ದವರು ಓದಲಾಗದ ಬರಹ ಅಂಧರನ್ನು ಸಮಾಜದಿಂದ ದೂರ ಮಾಡುತ್ತದೆ ಎಂಬ ಯೋಚನೆ ಆಗ ಪ್ರಬಲವಾಗಿತ್ತು. ಓದಬೇಕಾದ ಮಕ್ಕಳನ್ನು ಯಾರೂ ಕೇಳಲಿಲ್ಲ. ಮಕ್ಕಳು ಕದ್ದುಮುಚ್ಚಿ ಚುಕ್ಕಿಗಳಲ್ಲೇ ಬರೆದುಕೊಂಡರು. ಕೊನೆಗೆ 1844ರಲ್ಲಿ, ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಲ್ಲಿ, ಅದೇ ಲಿಪಿಯನ್ನು ಎಲ್ಲರೆದುರು ಪ್ರದರ್ಶಿಸಲಾಯಿತು. ಕ್ಷಯದಿಂದ ನರಳಿದ ಲೂಯಿ 1852ರ ಜನವರಿ 6ರಂದು, 43ನೇ ವಯಸ್ಸಿಗೆ ತೀರಿಕೊಂಡ. ಫ್ರಾನ್ಸ್ ಸರ್ಕಾರ ಅವನ ಲಿಪಿಯನ್ನು ಒಪ್ಪಿಕೊಂಡದ್ದು ಎರಡು ವರ್ಷದ ನಂತರ.

ತಡೆದವರು ಕೆಟ್ಟವರಾಗಿರಲಿಲ್ಲ. ನಮ್ಮ ಒಳ್ಳೆಯದು ತಮಗೇ ಗೊತ್ತು ಅಂದುಕೊಂಡಿದ್ದರು, ಅಷ್ಟೆ. ಅಂಥವರು ನನಗೆ ಈಗಲೂ ಸಿಗುತ್ತಾರೆ. ಹೋಟೆಲಿನಲ್ಲಿ ಜೊತೆಗಿರುವ ಗೆಳೆಯನನ್ನು ಕೇಳುತ್ತಾರೆ, ಇವರಿಗೆ ಏನು ಕೊಡಲಿ ಅಂತ. ಮೊಬೈಲೇ ಎಲ್ಲ ಓದಿ ಹೇಳುತ್ತದಲ್ಲ, ಇನ್ನು ಬ್ರೈಲ್ ಯಾಕೆ ಎಂದೂ ಕೇಳುತ್ತಾರೆ. ಮೊಬೈಲನ್ನು ನಾನೂ ದಿನವಿಡೀ ಬಳಸುತ್ತೇನೆ. ಆದರೆ ‘ವಿಶೇಷ’ದಲ್ಲಿ ಮೊದಲು ಬರುವುದು ಯಾವ ಶ, ಆಮೇಲೆ ಬರುವುದು ಯಾವ ಷ ಎಂದು ನನಗೆ ತಿಳಿಸಿದ್ದು ಕಿವಿಯಲ್ಲ, ಬೆರಳು. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್‌ನಲ್ಲಿ ಕನ್ನಡದ ‘ಕ’ ಮತ್ತು ಹಿಂದಿಯ ‘ಕ’ ಎರಡಕ್ಕೂ ಅವೇ ಎರಡು ಚುಕ್ಕಿ.

ನನಗೆ ಯಾವುದು ಬೇಕು, ಯಾವುದು ಬೇಡ ಎಂದು ನನ್ನನ್ನೇ ಕೇಳಿ. ಜನವರಿ 4ರಂದು ಬಿಸ್ಕತ್ತಿನ ಬದಲು ನಮ್ಮ ಸಿಲೆಬಸ್‌ನ ಒಂದು ಪುಸ್ತಕವನ್ನು ಬ್ರೈಲ್‌ನಲ್ಲಿ ಮುದ್ರಿಸಿ ಕೊಟ್ಟರೆ ಪರೀಕ್ಷೆಗಾದರೂ ಆಗುತ್ತದೆ.