ಗಾಯದೊಳಗಣ ನೂಲು

ಜೋಸೆಫ್ ಲಿಸ್ಟರನ ಹೆಸರನ್ನು ಎತ್ತಿದೊಡನೆ ಬಹುಮಂದಿಗೆ ನೆನಪಾಗುವುದು, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕಾರ್ಬಾಲಿಕ್ ಆಮ್ಲವನ್ನು ಮಂಜಿನಂತೆ ಎರಚುತ್ತಿದ್ದ ಯಂತ್ರ. ಆದರೆ ಆ ಯಂತ್ರವು ಅನಾವಶ್ಯಕವೆಂದು ೧೮೯೦ರಲ್ಲಿ ಬರ್ಲಿನ್ ನಗರದ ವೈದ್ಯ ಸಮ್ಮೇಳನದಲ್ಲಿ ಆತನೇ ಬಹಿರಂಗವಾಗಿ ಒಪ್ಪಿಕೊಂಡನು. ಲಿಸ್ಟರನ ಚರಿತ್ರೆಯನ್ನು ಓದುವಾಗ ನನ್ನ ಮನಸ್ಸು ನಿಲ್ಲುವುದು ಅದಕ್ಕಿಂತ ಅಲ್ಪವಾಗಿ ತೋರುವ ಒಂದು ವಸ್ತುವಿನ ಬಳಿ: ಗಾಯದೊಳಗೆ ಬಿಟ್ಟ ಒಂದು ಎಳೆ ನೂಲು.

ಲಿಸ್ಟರನು ೧೮೨೭ರ ಏಪ್ರಿಲ್ ೫ರಂದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಅಪ್ಟನ್ನಿನಲ್ಲಿ, ಕ್ವೇಕರ್ ಪಂಥದ ಮನೆತನದಲ್ಲಿ ಹುಟ್ಟಿದನು. ತಂದೆ ದ್ರಾಕ್ಷಾಮದ್ಯದ ವರ್ತಕ; ಆದರೂ ಬಿಡುವಿನ ವೇಳೆಯಲ್ಲಿ ಸೂಕ್ಷ್ಮದರ್ಶಕದ ಮಸೂರಗಳನ್ನು ತಿದ್ದಿ ಆ ಶಾಸ್ತ್ರಕ್ಕೆ ಹೊಸ ಕಣ್ಣು ಕೊಟ್ಟವನು. ಕಾಣದುದನ್ನು ಹುಡುಕುವ ಗುಣ ಮಗನಿಗೆ ಮನೆಯಿಂದಲೇ ಬಂದಿರಬೇಕು. ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ಮುಗಿಸಿದ ಲಿಸ್ಟರನು ೧೮೫೩ರಲ್ಲಿ ಎಡಿನ್‌ಬರೋ ನಗರಕ್ಕೆ ಹೋಗಿ ಜೇಮ್ಸ್ ಸೈಮ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಬಳಿ ಸೇರಿದನು. ೧೮೫೬ರಲ್ಲಿ ಆತನ ಮಗಳು ಆಗ್ನೆಸಳನ್ನು ವರಿಸಿದನು. ಪತಿಯ ಪ್ರಯೋಗಗಳಲ್ಲಿ ನೆರವಾಗಿ, ಟಿಪ್ಪಣಿಗಳನ್ನು ಬರೆದಿಟ್ಟ ಸಹಧರ್ಮಿಣಿ ಆಕೆ.

೧೮೬೧ರಲ್ಲಿ ಆತನು ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾದನು. ಅಲ್ಲಿ ಶಸ್ತ್ರಕ್ರಿಯೆ ಸುಸೂತ್ರವಾಗಿ ಮುಗಿದರೂ ಗಾಯ ಕೊಳೆತು ರೋಗಿ ಸಾಯುತ್ತಿದ್ದನು. ೧೮೬೪ ಮತ್ತು ೧೮೬೬ರಲ್ಲಿ ಕೈಕಾಲು ಕತ್ತರಿಸಿಕೊಂಡ ೩೫ ಮಂದಿಯಲ್ಲಿ ೧೬ ಮಂದಿ ಮಡಿದರು. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂಬ ಪಾಸ್ತರನ ಸಿದ್ಧಾಂತವನ್ನು ತಿಳಿದ ಲಿಸ್ಟರನು, ೧೮೬೫ರ ಆಗಸ್ಟ್ ೧೨ರಂದು, ಬಂಡಿಯ ಚಕ್ರ ಹರಿದು ಕಾಲು ಮುರಿದಿದ್ದ ಒಬ್ಬ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿಯನ್ನು ಕಟ್ಟಿದನು. ಹುಡುಗನೂ ಉಳಿದನು, ಕಾಲೂ ಉಳಿಯಿತು. ೧೮೬೭ರಿಂದ ೧೮೬೯ರವರೆಗೆ ಕೈಕಾಲು ಕತ್ತರಿಸಿಕೊಂಡ ೪೦ ಮಂದಿಯಲ್ಲಿ ಸತ್ತವರು ೬ ಮಂದಿ ಮಾತ್ರ.

ಇನ್ನು ನೂಲಿನ ವಿಚಾರ. ಕತ್ತರಿಸಿದ ರಕ್ತನಾಳವನ್ನು ಅಂದಿನ ವೈದ್ಯರು ರೇಷ್ಮೆಯ ಅಥವಾ ನಾರಿನ ದಾರದಿಂದ ಬಿಗಿದು, ಅದರ ತುದಿಯನ್ನು ಗಾಯದ ಹೊರಗೆ ಇಳಿಬಿಡುತ್ತಿದ್ದರು. ದಾರವು ಕೀವಿನೊಡನೆ ಕಳಚಿ ಬರಬೇಕು. ಹಾಗೆ ಬರುವಾಗ ನಾಳವೇ ಕೊಳೆತು ಒಡೆದು, ರೋಗಿ ರಕ್ತ ಸುರಿದು ಸಾಯುವುದೂ ಉಂಟಾಗಿತ್ತು. ಪ್ರಾಣ ಉಳಿಸಲೆಂದು ಕಟ್ಟಿದ ದಾರವೇ ಪ್ರಾಣಕ್ಕೆ ಎರವಾಗುತ್ತಿದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ದೋಷವು ದಾರದ ಇರವಿನಲ್ಲಿಲ್ಲ, ಅದರ ಎಳೆಗಳ ನಡುವೆ ಅಡಗಿದ ಜೀವಾಣುಗಳಲ್ಲಿದೆ ಎಂದು ಲಿಸ್ಟರನು ತರ್ಕಿಸಿದನು. ಪಿಟೀಲಿನ ತಂತಿಗೆ ಬಳಸುವಂಥ ಕುರಿಯ ಕರುಳಿನ ದಾರವನ್ನು ಕಾರ್ಬಾಲಿಕ್ ಆಮ್ಲದ ದ್ರಾವಣದಲ್ಲಿ ನೆನೆಯಿಸಿ, ೧೮೬೮ರ ಕೊನೆಯಲ್ಲಿ ಒಂದು ಕರುವಿಗೆ ಮತ್ತು ಬರಿಸಿ, ಅದರ ಕೊರಳಿನ ರಕ್ತನಾಳವನ್ನು ಆ ದಾರದಿಂದ ಬಿಗಿದು, ಗಾಯವನ್ನು ಮುಚ್ಚಿದನು. ಒಂದು ತಿಂಗಳ ತರುವಾಯ ಪರೀಕ್ಷಿಸಿದಾಗ ಕೀವು ಇರಲಿಲ್ಲ. ದಾರವಿದ್ದೆಡೆಯಲ್ಲಿ ಹೊಸ ಮಾಂಸತಂತುವಿನ ಉಂಗುರ ಬೆಳೆದಿತ್ತು.

ಆದರೆ ತೊಡಕು ಅಲ್ಲಿಗೆ ಮುಗಿಯಲಿಲ್ಲ. ಆಮ್ಲವು ಜೀವಾಣುವನ್ನು ಕೊಲ್ಲುವಂತೆ ಮಾಂಸವನ್ನೂ ಸುಡುತ್ತಿತ್ತು. ದಾರವು ಬೇಗ ಕರಗಿದರೆ ಗಂಟು ಸಡಿಲುತ್ತಿತ್ತು. ಅದಕ್ಕಾಗಿ ಆತನು ಕ್ರೋಮಿಕ್ ಆಮ್ಲದಿಂದ ದಾರವನ್ನು ಹದಗೊಳಿಸಿದನು. ವರ್ಷಗಟ್ಟಲೆ ತನ್ನ ವಿಧಾನವನ್ನು ತಿದ್ದುತ್ತಲೇ ಇದ್ದನು. ೧೮೭೭ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದು, ಅದೇ ಅಕ್ಟೋಬರಿನಲ್ಲಿ ಮುರಿದ ಮಂಡಿಚಿಪ್ಪನ್ನು ತೆರೆದು ಬೆಳ್ಳಿಯ ತಂತಿಯಿಂದ ಜೋಡಿಸಿದನು. ಚರ್ಮ ಹರಿಯದ ಕೀಲನ್ನು ಕೊಯ್ದು ತೆರೆಯುವುದು ಅಂದು ರೋಗಿಯ ಜೀವದೊಡನೆ ಜೂಜಾಟ. ಆ ರೋಗಿ ಗುಣ ಹೊಂದಿದನು.

ಆ ತೊಡಕು ಇಂದಿಗೂ ವೈದ್ಯರ ಮುಂದಿದೆ. ಕೃತಕ ಸೊಂಟದ ಕೀಲು, ಹೃದಯದ ಕವಾಟ, ಮೂತ್ರನಳಿಕೆ, ಇಂಥ ಯಾವ ವಸ್ತುವನ್ನು ದೇಹದೊಳಗಿಟ್ಟರೂ ಬ್ಯಾಕ್ಟೀರಿಯಗಳು ಅದರ ಮೈಗೆ ಅಂಟಿ, ಲೋಳೆಯ ಪೊರೆಯೊಂದನ್ನು ಹೆಣೆದುಕೊಂಡು ಒಳಗೆ ನೆಲೆಸಬಲ್ಲವು. ಕೆರೆಯ ಕಲ್ಲಿನ ಮೇಲಣ ಪಾಚಿಯಂತಿರುವ ಈ ಪೊರೆಯೊಳಗೆ ಔಷಧದ ಪ್ರಭಾವ ಕುಂದುತ್ತದೆ. ರಕ್ತದ ಬಿಳಿಯ ಕಣಗಳೂ ಸೋಲುತ್ತವೆ. ಎಷ್ಟೋ ಸಲ ಇಟ್ಟ ವಸ್ತುವನ್ನೇ ಕಿತ್ತು ತೆಗೆಯಬೇಕಾಗುತ್ತದೆ. ಸಾಮಾನ್ಯವಾಗಿ ಕೀವು ಹುಟ್ಟಿಸಲು ಲಕ್ಷಗಟ್ಟಲೆ ಬ್ಯಾಕ್ಟೀರಿಯ ಬೇಕಾದರೂ, ರೇಷ್ಮೆಯ ಹೊಲಿಗೆಯೊಂದು ಜೊತೆಗಿದ್ದರೆ ಕೆಲವು ನೂರು ಸಾಕೆಂದು ೧೯೫೭ರಲ್ಲಿ ಲಂಡನ್ನಿನ ಪ್ರಯೋಗವೊಂದು ತೋರಿಸಿತು. ಆದ್ದರಿಂದಲೇ ೧೯೭೦ರಲ್ಲಿ ಹ್ಯಾಂಬರ್ಗಿನ ಬುಖ್‌ಹೋಲ್ಟ್ಸ್ ಎಂಬ ವೈದ್ಯನು, ಕೀಲನ್ನು ಮೂಳೆಗೆ ಕೂಡಿಸುವ ಸಿಮೆಂಟಿನಲ್ಲಿಯೇ ಜೀವಾಣುನಾಶಕ ಔಷಧವನ್ನು ಬೆರೆಸಿದ ಪದ್ಧತಿಯನ್ನು ಪ್ರಕಟಿಸಿದನು. ಬೆಳ್ಳಿಯನ್ನು ಲೇಪಿಸಿದ ನಳಿಕೆಗಳೂ, ಔಷಧ ತೊಡೆದ ಹೊಲಿಗೆಯ ದಾರಗಳೂ ಅನಂತರ ಬಂದವು. ದೇಹದೊಳಕ್ಕೆ ಕಳುಹಿಸುವ ವಸ್ತುವು ತನ್ನ ಕಾವಲನ್ನು ತಾನೇ ಹೊತ್ತೊಯ್ಯಬೇಕು, ಆದರೆ ಆ ಕಾವಲು ಮನೆಯವರನ್ನು ಹಿಂಸಿಸಬಾರದು. ಲಿಸ್ಟರನ ದಾರದಲ್ಲಿದ್ದ ತತ್ತ್ವವೂ ಇದೇ ಎಂದು ನಾನು ತಿಳಿದಿದ್ದೇನೆ.

ಲಿಸ್ಟರನಿಗೆ ೧೮೯೭ರಲ್ಲಿ ಪ್ರಭುಪದವಿ ಬಂದಿತು. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲೇ ಆಗ್ನೆಸಳು ಇಟಲಿಯಲ್ಲಿ ತೀರಿಕೊಂಡಿದ್ದಳು. ೧೯೧೨ರ ಫೆಬ್ರುವರಿ ೧೦ರಂದು ಆತನೂ ಕಾಲವಾದನು. ರಾಷ್ಟ್ರದ ಮಹನೀಯರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಮಂದಿರದ ಗೌರವವನ್ನು ಆತನು ಬಯಸಿರಲಿಲ್ಲ. ತನ್ನ ಇಚ್ಛೆಯಂತೆ ಹ್ಯಾಂಪ್‌ಸ್ಟೆಡ್ಡಿನ ಸ್ಮಶಾನದಲ್ಲಿ, ತನ್ನ ಟಿಪ್ಪಣಿಗಳನ್ನು ಬರೆದಿಟ್ಟ ಆಕೆಯ ಪಕ್ಕದಲ್ಲಿ ಚಿರವಿಶ್ರಾಂತಿಯನ್ನು ಪಡೆದಿದ್ದಾನೆ.