ಮನೆಬಾಗಿಲಿಗೆ ಹೋಗಿ ಕಾಲರಾ ಲೆಕ್ಕ ಹಾಕಿದ ವೈದ್ಯ

ಡಾ. ಜಾನ್ ಸ್ನೋ ಎಂದೊಡನೆ ನೆನಪಾಗುವುದು ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನ ನೀರಿನ ಪಂಪು. 1854ರ ಸೆಪ್ಟೆಂಬರ್ 8ರಂದು ಅದರ ಹಿಡಿ ಕಳಚಿಸಿ ಕಾಲರಾ ತಡೆದರೆಂಬುದು ಜನಪ್ರಿಯ ಕಥೆ. ವಾಸ್ತವವಾಗಿ ಅಷ್ಟರಲ್ಲಿ ಅಲ್ಲಿ ರೋಗ ಇಳಿಮುಖವಾಗಿತ್ತು. ಅವರ ಹಿರಿಯ ಸಾಧನೆ ಅದೇ ವರ್ಷ ದಕ್ಷಿಣ ಲಂಡನ್ನಿನಲ್ಲಿ ನಡೆಸಿದ ಸಮೀಕ್ಷೆ.

1813ರಲ್ಲಿ ಯಾರ್ಕ್ ನಗರದ ಕೂಲಿಕಾರನ ಮಗನಾಗಿ ಜನಿಸಿದ ಸ್ನೋ ಅರಿವಳಿಕೆ ತಜ್ಞರಾಗಿ ಹೆಸರಾದರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ನೀಡಿದವರು ಇವರೇ. ಆದರೆ ಕಾಲರಾ ಕೆಟ್ಟ ಗಾಳಿಯಿಂದಲ್ಲ, ಕುಡಿಯುವ ನೀರಿನಿಂದ ಹರಡುತ್ತದೆಂದು 1849ರಲ್ಲಿ ಬರೆದಾಗ ವೈದ್ಯಲೋಕ ಒಪ್ಪಲಿಲ್ಲ.

ದಕ್ಷಿಣ ಲಂಡನ್ನಿನ ಹಲವು ಬೀದಿಗಳಲ್ಲಿ ಎರಡು ಕಂಪನಿಗಳ ಕೊಳವೆಗಳು ಒಟ್ಟಿಗೇ ಹಾದಿದ್ದವು. ಲ್ಯಾಂಬೆತ್ ಕಂಪನಿ 1852ರಿಂದ ನಗರದ ಕೊಳಚೆ ತಲುಪದ ಕಡೆಯಲ್ಲಿ ಥೇಮ್ಸ್ ನದಿಯ ನೀರೆತ್ತುತ್ತಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯದು ಕೊಳಚೆ ಬೆರೆತ ನೀರು. ಅಕ್ಕಪಕ್ಕದ ಮನೆಗಳವರಿಗೆ ಗಾಳಿ ಒಂದೇ, ನೀರು ಬೇರೆ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ.

ಸಾವು ಸಂಭವಿಸಿದ ಮನೆಗಳಿಗೆ ಸ್ನೋ ತೆರಳಿ ನೀರು ಯಾವ ಕಂಪನಿಯದೆಂದು ವಿಚಾರಿಸಿದರು. ಎಷ್ಟೋ ಬಾಡಿಗೆದಾರರಿಗೆ ಅದು ತಿಳಿದಿರಲಿಲ್ಲ. ಆಗ ನೀರಿನ ಉಪ್ಪಿನಂಶ ಪರೀಕ್ಷಿಸಿ ಕಂಪನಿಯನ್ನು ಗುರುತಿಸಿದರು. ಬಳಿಕ ಸಾವುಗಳನ್ನು ಆಯಾ ಕಂಪನಿಯ ಒಟ್ಟು ಮನೆಗಳ ಸಂಖ್ಯೆಯೊಡನೆ ಹೋಲಿಸಿದರು. ಬರಿಯ ಸಾವಿನೆಣಿಕೆ ಏನನ್ನೂ ಹೇಳುತ್ತಿರಲಿಲ್ಲ. ಮೊದಲ ಏಳು ವಾರಗಳಲ್ಲಿ ಪ್ರತಿ 10,000 ಮನೆಗಳಿಗೆ ಸದರ್ಕ್ ಕಂಪನಿಯ ಕಡೆ 315 ಸಾವು, ಲ್ಯಾಂಬೆತ್ ಕಡೆ 37.

ಇಷ್ಟಾದರೂ ಸರ್ಕಾರಿ ಸಮಿತಿಯು 1855ರಲ್ಲಿ ಅವರ ವಾದವನ್ನು ತಳ್ಳಿಹಾಕಿತು. 1858ರಲ್ಲಿ, 45ನೇ ವಯಸ್ಸಿನಲ್ಲಿ ಸ್ನೋ ತೀರಿಕೊಂಡರು. ಕಲ್ಕತ್ತೆಯ ಕೆರೆ ನೀರಿನಲ್ಲಿ ರಾಬರ್ಟ್ ಕಾಖ್ ಕಾಲರಾ ರೋಗಾಣುವನ್ನು ಕಂಡದ್ದು 1884ರಲ್ಲಿ.