ಗೇಟು ಮುಚ್ಚಿದರೂ ನಿಲ್ಲದ ಸೈಕಲ್

ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ ಬಣ್ಣದ ಗೋಡೆ ಒಡೆದವರು ಯಾರು ಅಂದ್ರೆ ನಾವು ತಕ್ಷಣ ಬೇಸ್‌ಬಾಲ್‌ನ ಜಾಕಿ ರಾಬಿನ್ಸನ್ ಹೆಸರು ಹೇಳ್ತೇವೆ. ಅವರು ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿದದ್ದು 1947ರಲ್ಲಿ. ಅದಕ್ಕೂ 48 ವರ್ಷ ಮೊದಲೇ ಕಪ್ಪು ಜನಾಂಗದ ಯುವಕರೊಬ್ಬರು ಸೈಕಲ್ ತುಳಿದು ವಿಶ್ವ ಚಾಂಪಿಯನ್ ಆಗಿದ್ದರು. ಅವರೇ ಮಾರ್ಷಲ್ ಟೇಲರ್.

ಹುಟ್ಟಿದ್ದು 1878ರಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. ಹುಡುಗನಾಗಿದ್ದಾಗ ಸೈಕಲ್ ಅಂಗಡಿ ಮುಂದೆ ಸೈನಿಕರ ಯೂನಿಫಾರ್ಮ್ ಹಾಕ್ಕೊಂಡು ಕಸರತ್ತು ತೋರಿಸಿ ಗಿರಾಕಿಗಳನ್ನು ಸೆಳೆಯೋದು ಅವರ ಕೆಲಸ. ಹಾಗಾಗಿ 'ಮೇಜರ್' ಅನ್ನೋ ಹೆಸರು ಅಂಟಿಕೊಂಡಿತು. 1894ರಲ್ಲಿ ಅಮೆರಿಕದ ದೊಡ್ಡ ಸೈಕಲ್ ಸಂಘ ಕಪ್ಪು ಜನರಿಗೆ ಸದಸ್ಯತ್ವವೇ ಇಲ್ಲ ಅಂತ ನಿಯಮ ಮಾಡಿತು. ಟೇಲರ್ ತಮ್ಮ ಗುರು ಬರ್ಡಿ ಮಂಗರ್ ಜೊತೆ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ಗೆ ಹೋದರು. 1896ರ ಕೊನೆಗೆ, 18ನೇ ವಯಸ್ಸಿಗೆ, ವೃತ್ತಿಪರ ಸವಾರರಾದರು.

ಟ್ರ್ಯಾಕ್ ಮೇಲೆ ಉಳಿದವರು ಒಟ್ಟಾಗಿ ಸುತ್ತುವರಿದು ದಾರಿ ಕಟ್ಟುತ್ತಿದ್ದರು. 1897ರಲ್ಲಿ ಟಾಂಟನ್‌ನಲ್ಲಿ ರೇಸ್ ಮುಗಿದ ಮೇಲೆ ಎದುರಾಳಿಯೊಬ್ಬ ಪ್ರಜ್ಞೆ ತಪ್ಪುವವರೆಗೆ ಕತ್ತು ಹಿಸುಕಿದ. ದಕ್ಷಿಣದ ಟ್ರ್ಯಾಕ್‌ಗಳು ಒಳಗೇ ಬಿಡಲಿಲ್ಲ. ಟೇಲರ್ ಮಾತ್ರ ಪೆಡಲ್ ಬಿಡಲಿಲ್ಲ. 1899ರಲ್ಲಿ ಮಾಂಟ್ರಿಯಲ್‌ನಲ್ಲಿ ಒಂದು ಮೈಲಿ ಸ್ಪ್ರಿಂಟ್ ಗೆದ್ದು ವಿಶ್ವ ಚಾಂಪಿಯನ್, ಮರುವರ್ಷ ಅಮೆರಿಕದ ಚಾಂಪಿಯನ್. 1901ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಘಟಾನುಘಟಿಗಳನ್ನೂ ಸೋಲಿಸಿದರು. ಆಗ ಭಾನುವಾರ ಮಾತ್ರ ಎಷ್ಟೇ ದುಡ್ಡು ಕೊಟ್ರೂ ರೇಸ್ ಇರಲಿಲ್ಲ, ಅದು ಅವರ ದೇವರ ದಿನ.

ನಮಗೆ ಇನ್ನೂ ಹತ್ತಿರದ ವಿಷಯ ಬೇರೆ ಇದೆ. ಹ್ಯಾಂಡಲ್ ಮುಂದಕ್ಕೆ ಚಾಚಿಸಿ, ಮೈಗೆ ತಕ್ಕಂತೆ ಹೊಂದಿಸಿಕೊಳ್ಳುವ ಸ್ಟೆಮ್ ಇಂದಿಗೂ ಅವರ ಹೆಸರಲ್ಲೇ ಇದೆ. ರೇಸ್ ಬಿಟ್ಟ ಮೇಲೆ ಎಂಜಿನಿಯರಿಂಗ್ ಓದಬೇಕು ಅಂತ ವೂಸ್ಟರ್ ಪಾಲಿಟೆಕ್ನಿಕ್‌ಗೆ ಅರ್ಜಿ ಹಾಕಿದರು. ಹೈಸ್ಕೂಲ್ ಸರ್ಟಿಫಿಕೇಟ್ ಇರಲಿಲ್ಲ, ಸೀಟು ಸಿಗಲಿಲ್ಲ.

ಗಳಿಸಿದ್ದೆಲ್ಲ ಕರಗಿತು. ಆತ್ಮಕಥೆಯನ್ನು ತಾವೇ ಅಚ್ಚು ಹಾಕಿಸಿದರು. 1932ರಲ್ಲಿ ಶಿಕಾಗೋದಲ್ಲಿ ಬಡವರಾಗಿ ತೀರಿಕೊಂಡರು. ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. 1948ರಲ್ಲಿ ಹಳೇ ಸೈಕಲ್ ಸವಾರರು ಸೇರಿ, ಸೈಕಲ್ ಕಂಪನಿಯ ಫ್ರಾಂಕ್ ಶ್ವಿನ್ ಕೊಟ್ಟ ಹಣದಲ್ಲಿ, ಹೆಸರು ಕೆತ್ತಿದ ಸಮಾಧಿ ಮಾಡಿಸಿದರು.

ಅವರಿಗೆ ಸಿಗದ ಬೆಂಚಿನ ಮೇಲೆ ನಾವು ಕೂತಿದ್ದೇವೆ. ಲಾಸ್ಟ್ ಬೆಂಚಾದ್ರೂ ಸರಿ, ಅದರ ಬೆಲೆ ನಮಗೆ ಗೊತ್ತಿರಲಿ.